ಸುಣ್ಣದ ವೃತ್ತದೊಳಗಿನ ಹಿಕ್ಕೆ

ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ನನ್ನ ತರಗತಿಯ ಹುಡುಗರಿಗಿಂತ ಶಿಸ್ತಿನ ಪ್ರಾಣಿ. ಹಿಕ್ಕೆ ಹಾಕಲು ದಿನಾ ಅದೇ ಜಾಗಕ್ಕೆ ಬರುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ನಾನು ಅನ್ನ ತಿಂದದ್ದು ಈ ಶಿಸ್ತಿನಿಂದಲೇ.

ಜಗಳೂರಿನ ಕಾಡಂಚಿನ ರಸ್ತೆಯನ್ನು ಅಗಲ ಮಾಡುವವರಿದ್ದರು. ಅದರಿಂದ ಕಾಡುಪ್ರಾಣಿಗಳಿಗೆ ಏನೇನು ತೊಂದರೆ ಎಂದು ನೋಡುವ ತಂಡಕ್ಕೆ, ಹೊನ್ನಾಳಿಯಲ್ಲಿ ವಿಜ್ಞಾನ ಪಾಠ ಹೇಳುವ ನನ್ನನ್ನೂ ಸೇರಿಸಿಕೊಂಡಿದ್ದರು. ಕೊಂಡುಕುರಿ ದಾಟುವ ಕಡೆ ರಸ್ತೆಯಡಿ ಒಂದು ಕೆಳದಾರಿ ಆಗಬೇಕು, ಇಲ್ಲದಿದ್ದರೆ ಅವು ಲಾರಿಗಳ ಗಾಲಿಗೆ ಸಿಗುತ್ತವೆ. ಅಲ್ಲಿನ ಹಳ್ಳದ ಬಳಿಯೇ ದಾಟುತ್ತವೆ ಎನ್ನಲು ನನ್ನ ಬಳಿ ಇದ್ದ ಸಾಕ್ಷಿ ಹಿಕ್ಕೆ ಮಾತ್ರ. ಎಂಟು ಗುಡ್ಡೆ ಸಿಕ್ಕವು. ಒಂದೊಂದರ ಸುತ್ತಲೂ ಸುಣ್ಣದ ಪುಡಿಯಿಂದ ವೃತ್ತ ಎಳೆದೆ. ನಾಳೆ ಅರಣ್ಯಾಧಿಕಾರಿ ಪರಿಶೀಲನೆಗೆ ಬಂದಾಗಲೇ ಫೋಟೊ ತೆಗೆದರಾಯಿತು ಎಂದುಕೊಂಡು ಊಟಕ್ಕೆ ಹೋದೆ.

ಸಂಜೆ ಬಂದು ನೋಡಿದರೆ ಎಂಟೂ ವೃತ್ತ ಖಾಲಿ. ಪಕ್ಕದ ಬೇವಿನ ಮರದಡಿ ಆಡು ಮೇಯಿಸುವ ಅಜ್ಜಿಯೊಬ್ಬಳು ಖಾಲಿ ಪುಟ್ಟಿ ಇಟ್ಟುಕೊಂಡು ಎಲೆಯಡಿಕೆ ಹಾಕುತ್ತಿದ್ದಳು. ಆ ಕಡೆ ಹಿಕ್ಕೆ ಕಂಡರೆ ಯಾರೂ ಸುಮ್ಮನೆ ಹೋಗುವುದಿಲ್ಲ, ಬಳಿದು ಗೊಬ್ಬರದ ತಿಪ್ಪೆಗೆ ಸೇರಿಸುತ್ತಾರೆ.

"ಅಜ್ಜಿ, ಇಲ್ಲಿದ್ದ ಹಿಕ್ಕೆ ಏನಾಯ್ತು?"

"ತಿಪ್ಪಿಗೆ ಹಾಕಿ ಬಂದೆ ಕಣಪ್ಪ. ನಂಗೆ ಕಣ್ಣು ಮಂಜು. ಹುಡುಕಾಕೆ ಸುಲಭ ಆಗ್ಲಿ ಅಂತ ಯಾರೋ ಪುಣ್ಯಾತ್ಮರು ಗೆರೆ ಹಾಕಿ ಹೋಗ್ಯಾರೆ."

ಆ ಪುಣ್ಯಾತ್ಮ ನಾನೇ ಎಂದು ಹೇಳಿಕೊಳ್ಳಲಿಲ್ಲ.

ಅಜ್ಜಿ ಆಡುಗಳನ್ನು ಹೊಡೆದುಕೊಂಡು ಮನೆಗೆ ಹೊರಟ ಮೇಲೆ ನನ್ನ ತಲೆ ಕೆಟ್ಟ ಕೆಲಸಕ್ಕೆ ಓಡಿತು. ಬೇವಿನ ಮರದಡಿ ಆಡುಗಳು ಉದುರಿಸಿದ್ದನ್ನು ಟೋಪಿಯಲ್ಲಿ ತುಂಬಿಕೊಂಡು ಬಂದು ಎಂಟೂ ವೃತ್ತಕ್ಕೆ ಸಮನಾಗಿ ಹಂಚಿದೆ. ಶಾಲೆಯ ಬಿಸಿಯೂಟವನ್ನೂ ನಾನು ಅಷ್ಟು ನ್ಯಾಯವಾಗಿ ಬಡಿಸಿದವನಲ್ಲ.

ಮರುದಿನ ಬೆಳಿಗ್ಗೆ ಬಂದ ಅಧಿಕಾರಿ ಮೊದಲ ವೃತ್ತದ ಬಳಿ ಕುಕ್ಕರುಗಾಲಲ್ಲಿ ಕೂತು, ಒಂದು ಹಿಕ್ಕೆಯನ್ನು ಕಡ್ಡಿಯಿಂದ ಒಡೆದು ನೋಡಿದರು.

"ಇದರಾಗೆ ಮೆಕ್ಕೆಜೋಳದ ಸಿಪ್ಪೆ ಐತಲ್ರೀ ಮೇಷ್ಟ್ರೇ. ಕೊಂಡುಕುರಿ ಯಾರ ಮನೇಲಿ ಉಂಡ್ಕಂಡು ಬಂತು?"

ಎಂಟನ್ನೂ ನೋಡಿ, ಕೆಳದಾರಿ ಬೇಕಾದ ಜಾಗಗಳ ಪಟ್ಟಿಯಲ್ಲಿ ಹಳ್ಳದ ಹೆಸರಿನ ಮೇಲೆ ಗೀಟು ಹಾಕಲು ಪೆನ್ನು ತೆಗೆದರು. ನಿನ್ನೆವರೆಗೆ ಅಲ್ಲಿ ನಿಜವೇ ಇತ್ತು, ಅದನ್ನು ನಂಬದಂತೆ ಮಾಡಿದವನು ನಾನು. ನಾಚಿಕೆಯಿಂದ ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಹಿಂದಿನ ದಿನ ನಾನು ಊಟಕ್ಕೆ ಹೋದಾಗ ಎದುರಿನ ಜಾಲಿ ಮರಕ್ಕೆ ಅರಣ್ಯ ಕಾವಲುಗಾರ ಕಟ್ಟಿದ್ದ, ನನಗೆ ಗೊತ್ತೇ ಇರದ ಕ್ಯಾಮೆರಾ ಬಿಚ್ಚಿ ತೋರಿಸಿದರು. ಮೊದಲ ಚಿತ್ರದಲ್ಲಿ ಅಜ್ಜಿ. ಎರಡನೆಯದರಲ್ಲಿ ಟೋಪಿ ಹಿಡಿದು ಬಗ್ಗಿದ ನಾನು. ಮೂರನೆಯದು ಬೆಳಕು ಹರಿಯುವಾಗಿನದು: ಕೊಂಡುಕುರಿಯೊಂದು ವೃತ್ತಕ್ಕೆ ಮೂಗು ಹಚ್ಚಿ ನಾನು ಬಡಿಸಿದ್ದನ್ನು ಮೂಸುತ್ತಿತ್ತು. ನಾಲ್ಕನೆಯದರಲ್ಲಿ ಎರಡು ಮಾರು ದೂರ ಸರಿದು, ಪೊದೆಯ ಮರೆಯಲ್ಲಿ ತನ್ನ ಕೆಲಸ ಮುಗಿಸುತ್ತಿತ್ತು. ಹೋಗಿ ನೋಡಿದೆವು. ಹಿಕ್ಕೆ ಇನ್ನೂ ಹಸಿಯಾಗಿತ್ತು.

ಹಳ್ಳದ ಬಳಿಯ ಕೆಳದಾರಿ ವರದಿಗೆ ಸೇರಿತು. ನನ್ನ ಚಿತ್ರವೂ ಸೇರಿತು. ಆ ಜಾಗದಲ್ಲಿ ಪ್ರಾಣಿಗಳಿಗೆ ಯಾರಿಂದ ತೊಂದರೆ ಎಂಬ ಪಟ್ಟಿಯಲ್ಲಿ ಲಾರಿಗಳದ್ದು ಮೊದಲನೆಯ ಸಾಲು, ನನ್ನದು ಎರಡನೆಯದು.