ದಣಪೆ ದಾಟದ ಕನ್ಯಾಕುಮಾರಿ ಬೈಕು

ದೋಸ್ತರೇ, ಇವತ್ತು ಸಂಜೆ ನನ್ನ ಬೈಕು ನಮ್ಮದೇ ಮನೆಯ ದಣಪೆಯಲ್ಲಿ, ಅಂದರೆ ಅಂಗಳಕ್ಕೆ ಬರುವ ಬಾಯಿಯಲ್ಲಿ, ಸಿಕ್ಕಿಹಾಕಿಕೊಂಡಿತು.

ಬರುವ ವಾರ ಅದರ ಮೇಲೆ ಕನ್ಯಾಕುಮಾರಿಗೆ ಹೊರಡುವವನಿದ್ದೇನೆ. ಸೊಂಟ ಉಳಿಯಲಿ ಎಂದು ಕುಮಟೆಯಲ್ಲಿ ಅಗಲದ ಮೆತ್ತನೆ ಸೀಟು, ಉದ್ದದ ಹ್ಯಾಂಡಲ್, ಮುಂದೆ ದೊಡ್ಡ ಗಾರ್ಡ್, ಹಿಂದೆ ಎರಡೂ ಬದಿಗೆ ಪೆಟ್ಟಿಗೆ ಹಾಕಿಸಿದೆ. ನಮ್ಮೂರು ಕರ್ಕಿಯವರೆಗೆ ರಾಜನ ಹಾಗೆ ಬಂದೆ. ಮನೆಯೆದುರು ಪಾಗಾರದ ಗೋಡೆಯ ಸಂದಿಯಲ್ಲಿ ನುಗ್ಗಿಸಿದರೆ ಗಾರ್ಡ್ ಎರಡೂ ಕಡೆಯ ಚಿರೆಕಲ್ಲಿಗೆ ಕಚ್ಚಿಕೊಂಡಿತು. ಹಾರ್ನ್ ಕೇಳಿ ಅಮ್ಮ ಹೊರಗೆ ಬಂದಳು.

“ಅಮ್ಮ, ಈ ಬದಿದು ನಾಲ್ಕು ಕಲ್ಲು ತೆಗೆಸುವ,” ಎಂದೆ.

“ಕಲ್ಲು ಮುಟ್ಟಿದ್ರೆ ನೋಡು! ಮಾದೇವಕ್ಕನ ಎಮ್ಮೆ ಬಂದು ಹರಿವೆ ತಿಂತದೆ ಅಂತ ನಿನ್ನಪ್ಪ ಅದ್ರ ಹೊಟ್ಟೆ ಅಳತೆ ನೋಡೇ ದಣಪೆ ಇಷ್ಟು ಸಣ್ಣ ಕಟ್ಸಿದ್ದು. ನಿನ್ನ ಬೈಕೂ ಎಮ್ಮೆ ಆದ್ರೆ ನಾ ಎಂತ ಮಾಡೂದು?”

ಪಕ್ಕದ ಮನೆಯ ಮಾದೇವಕ್ಕ ನಗುತ್ತ ಬಂದು ಹಿಂದಿನಿಂದ ಎಳೆದಳು. ಬೈಕು ಬಿಡಿಸಿಕೊಂಡಿತು. “ರಸ್ತೆ ಮೇಲೆ ಎಂತಕ್ಕೆ ಬಿಡೂದು ಮಾರಾಯ? ನಮ್ಮ ಕೊಟ್ಟಿಗೇಲಿ ಕಟ್ಟು. ಇದ್ಕೆ ಹುಲ್ಲು ಹಾಕೂದು ಬೇಡ ಅಲ್ವ?”

ಬೈಕು ಅಲ್ಲೇ ಕಟ್ಟಿದೆ; ಈಗಷ್ಟೇ ಕೊಟ್ಟಿಗೆಗೆ ಹೋಗಿ ನೋಡಿ ಬಂದೆ. ನಾವು ಪಾಗಾರ ಕಟ್ಟಿ ಹೊರಗಿಟ್ಟ ಎಮ್ಮೆ ತಾನೇ ಸರಿದು ಬೈಕಿಗೆ ಜಾಗ ಬಿಟ್ಟಿದೆ. ಹೊಸ ಸೀಟಿನ ಮೇಲೆ ಗದ್ದ ಊರಿ, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದೆ. ಆರಾಮಾಗಿ ಹೋಗಬೇಕೆಂದು ಹೊರಟವನು ನಾನು. ಸದ್ಯಕ್ಕೆ ಆರಾಮಾಗಿರುವುದು ಅದು.