ಪರ್ಮಿಟ್ ಪಟ್ಟಿಯಲ್ಲಿ ಅತ್ತೆಯ ಹೆಸರು

ಹಳದಿ ಬೋರ್ಡಿನ ಗಾಡಿ ಆಂಧ್ರಕ್ಕೆ ಹೋಗಬೇಕಾದರೆ ಪರ್ಮಿಟ್ ಬೇಕು ಅನ್ನುವುದು ನನಗೆ ಗೊತ್ತಿತ್ತು. ಅದರ ಜೊತೆಗೆ ಗಾಡಿಯಲ್ಲಿ ಕೂರುವವರ ಹೆಸರಿನ ಪಟ್ಟಿಯನ್ನೂ ಕೊಡಬೇಕು ಅನ್ನುವುದು ತಿಳಿದದ್ದು ಮಾತ್ರ ಹೋದ ವರ್ಷ, ಅತ್ತೆಯ ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹೊರಟಾಗ.

ನಮ್ಮದು ಮಂಡಿಕಲ್ ಹತ್ತಿರದ ಹಳ್ಳಿ. ನನ್ನ ಗಂಡ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾರೆ, ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲ್ ಟೀಚರು. ಅತ್ತೆಯ ತವರು ಮದನಪಲ್ಲಿ ಕಡೆಯ ಒಂದು ಊರು. ಮನೆಯವರು, ನೆಂಟರು ಸೇರಿ ಹನ್ನೊಂದು ಜನ ಆದೆವು. ಚಿಂತಾಮಣಿಯ ಪರಿಚಯದ ಡ್ರೈವರ್ ಒಬ್ಬರ ಟೆಂಪೋ ಟ್ರಾವೆಲರ್ ಗೊತ್ತು ಮಾಡಿದೆವು. ಪಟ್ಟಿಗೆ ಹೆಸರು ಕೇಳಲು ಅವರು ಫೋನ್ ಮಾಡಿದಾಗ ನಾನು ಕ್ಲಾಸಿನಲ್ಲಿದ್ದೆ, ಗಂಡ ತೋಟದಲ್ಲಿದ್ದರು. ಹಾಗಾಗಿ ಅತ್ತೆಯೇ ಎಲ್ಲರ ಹೆಸರು, ವಯಸ್ಸು ಹೇಳಿ ಬರೆಸಿದ್ದರು. ಅದನ್ನು ಸಂಜೆ ನನಗೆ ಹೆಮ್ಮೆಯಿಂದಲೇ ಹೇಳಿದರು.

ಬೆಳಿಗ್ಗೆ ಬೇಗ ಹೊರಟೆವು. ಶಿಡ್ಲಘಟ್ಟದಲ್ಲಿ ಇಡ್ಲಿ ತಿಂದದ್ದಾಯಿತು. ಅಂಬಾಜಿದುರ್ಗದ ಬೆಟ್ಟ ಕಾಣುವ ಹೊತ್ತಿಗೆ ಹಿಂದಿನ ಸೀಟಿನವರೆಲ್ಲ ನಿದ್ದೆ. ಅತ್ತೆ ಮಾತ್ರ ಕಿಟಕಿ ಪಕ್ಕ ನೆಟ್ಟಗೆ ಕೂತು ಯಾರದ್ದು ಟೊಮ್ಯಾಟೊ ಹೊಲ, ಯಾರದ್ದು ಹಿಪ್ಪುನೇರಳೆ ತೋಟ ಅಂತ ನೋಡುತ್ತಿದ್ದರು.

ಗಡಿಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರು. ನಮ್ಮ ವಯಸ್ಸಿನವರೇ ಒಬ್ಬ ಹೆಂಗಸು ಅಧಿಕಾರಿ. ಪರ್ಮಿಟ್ ನೋಡಿದರು, ಗಾಡಿಯ ನಂಬರ್ ನೋಡಿದರು, ಆಮೇಲೆ ನಮ್ಮೆಲ್ಲರ ಆಧಾರ್ ಕಾರ್ಡು ಕೇಳಿ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ಹಾಕಿದರು. ಏಳನೆಯ ಹೆಸರಿಗೆ ಬಂದಾಗ ನಿಂತರು. ಅದನ್ನು ಗಟ್ಟಿಯಾಗಿ ಓದಿ, "ಎವರಮ್ಮಾ ಈವಿಡ?" ಅಂದರು. ಯಾರಮ್ಮ ಇವರು ಅಂತ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೆಸರಿನವರು ನಮ್ಮಲ್ಲಿ ಯಾರೂ ಇರಲಿಲ್ಲ. ಅಷ್ಟೇ ಅಲ್ಲ, ಅತ್ತೆಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

"ಏನಪ್ಪಾ, ಬೇರೆ ಯಾರದ್ದೋ ಹೆಸರು ಹಾಕ್ಬಿಟ್ಟಿದೀಯಲ್ಲ" ಅಂದರು ನನ್ನ ಗಂಡ ಡ್ರೈವರಿಗೆ.

"ಇಲ್ಲ ಸಾರ್, ಅಜ್ಜಿ ಹೇಳಿದ್ದನ್ನೇ ಹಾಕಿದೀನಿ. ಎರಡು ಸಲ ಕೇಳಿ ಹಾಕಿದೀನಿ."

ಆಗ ಕಿಟಕಿ ಪಕ್ಕದಿಂದ ಅತ್ತೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು: "ನೇನೇನಮ್ಮಾ." ನಾನೇ ಕಣಮ್ಮ.

ಮದುವೆಯಾಗಿ ಬಂದು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೇನೆ, ಅವರಿಗೆ ಆ ಹೆಸರಿತ್ತು ಅಂತ ನಾನು ಕೇಳಿಯೇ ಇರಲಿಲ್ಲ. ಅವರ ಸ್ವಂತ ಮಗನಿಗೂ ಗೊತ್ತಿರಲಿಲ್ಲ. ತವರಿನಲ್ಲಿ ಎಲ್ಲರೂ ಅವರನ್ನು ಮುದ್ದಿಗೆ ಪಾಪ ಅಂತಲೇ ಕರೆಯುತ್ತಿದ್ದರು.

ವಿಷಯ ಇಷ್ಟೇ. ಅತ್ತೆಯ ಹುಟ್ಟುಹೆಸರೂ, ಅವರ ಅತ್ತೆಯ ಹೆಸರೂ ಒಂದೇ ಆಗಿತ್ತಂತೆ; ಆ ಹಿರಿಯತ್ತೆ ನನ್ನ ಗಂಡ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ದೊಡ್ಡವರ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಹೇಗೆ? ಹಾಗಾಗಿ ಮದುವೆ ದಿನವೇ ಇವರಿಗೆ ಬೇರೆ ಹೆಸರಿಟ್ಟರು. ರೇಷನ್ ಕಾರ್ಡು, ಆಧಾರ್, ಬ್ಯಾಂಕು ಎಲ್ಲದರಲ್ಲೂ ಅದೇ ಹೆಸರು.

ಅಧಿಕಾರಿ ಸಿಟ್ಟಾಗಲಿಲ್ಲ. ಆದರೆ ಪಟ್ಟಿಯೂ ಕಾರ್ಡೂ ಹೊಂದಲೇಬೇಕು, ಪಟ್ಟಿ ತಿದ್ದಿಸಿಕೊಂಡು ಬನ್ನಿ ಅಂದರು. ಡ್ರೈವರ್ ಪಟ್ಟಿಯನ್ನು ಫೋನಿನಲ್ಲೇ ತಿದ್ದಲು ಸಿಗ್ನಲ್ ಹುಡುಕಿಕೊಂಡು ರಸ್ತೆಯ ಆ ಬದಿಗೆ ಹೋದರು. ಹನ್ನೊಂದರ ಒಳಗೆ ಹಾಲುಕ್ಕಿಸುವ ಮುಹೂರ್ತ. ನನ್ನ ಗಂಡ ಗಡಿಯಾರ ನೋಡಿ ನೋಡಿ ತಾಳ್ಮೆಗೆಟ್ಟರು. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಮ್ಮ? ದಿನಾ ಇರೋ ಹೆಸರು ಹೇಳೋಕೆ ಏನಾಗಿತ್ತು?"

ಅತ್ತೆ ಗಾಡಿಯಿಂದ ಇಳಿದು ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಹೋಗಿ ಕೂತರು. ನಾನೂ ಎರಡು ಟೀ ಹಿಡಿದುಕೊಂಡು ಹೋಗಿ ಪಕ್ಕ ಕೂತೆ.

"ಯಾಕತ್ತೆ ಆ ಹೆಸರು ಹೇಳಿದ್ರಿ?"

ಅವರು ಟೀ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆ ಡ್ರೈವರಪ್ಪ ಆಂಧ್ರಕ್ಕೆ ಹೋಗೋಕೆ ಹೆಸರು ಬೇಕು ಅಂದ ಕಣಮ್ಮ. ಆ ಕಡೆ ಹೋಗೋಕೆ ಆ ಕಡೆ ಹೆಸರೇ ಅಲ್ವಾ ಕೊಡಬೇಕಾಗಿದ್ದು ಅಂದ್ಕೊಂಡೆ. ಬಾಯಿಗೆ ತಾನಾಗೇ ಬಂದ್ಬಿಡ್ತು. ಹೇಳಿದ ಮೇಲೆ ಅದನ್ನ ತೆಗೀರಿ ಅನ್ನೋಕೆ ಮನಸ್ಸಾಗಲಿಲ್ಲ."

ನಾನು ಎದ್ದು ಅಧಿಕಾರಿಯ ಹತ್ತಿರ ಹೋಗಿ, ಪಟ್ಟಿಯಲ್ಲಿ ಎರಡು ಹೆಸರೂ ಇದ್ದರೆ ತೊಂದರೆಯಾ ಅಂತ ಕೇಳಿದೆ. ಕಾರ್ಡಿನ ಹೆಸರು ಮೊದಲಿದ್ದರೆ ಸಾಕು, ಪಕ್ಕದಲ್ಲಿ ಏನಿದ್ದರೂ ನನಗೇನು ಅಂದರು. ಆಮೇಲೆ ಅತ್ತೆ ಕೂತಿದ್ದ ಕಡೆ ಒಮ್ಮೆ ನೋಡಿ, "ಹಳೇ ಹೆಸರೇ ಚೆನ್ನಾಗಿದೆ" ಅಂತ ತೆಲುಗಿನಲ್ಲಿ ಹೇಳಿ ನಕ್ಕರು.

ಡ್ರೈವರಿಗೆ ಕೂಗಿ ಹೇಳಿದೆ. ಪಹಣಿಯಲ್ಲಿ ಬರೆಯುತ್ತಾರಲ್ಲ, ಹಾಗೆ ನಡುವೆ ಉರುಫ್ ಅಂತ ಸೇರಿಸಿ ಎರಡೂ ಹೆಸರು ಹಾಕಿದರು. ಒಂದು ಗಂಟೆಯೇ ಹಿಡಿಯಿತು. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದಾಗ ಅತ್ತೆ ಕನ್ನಡಕ ಹಾಕಿಕೊಂಡು ಏಳನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ನನ್ನ ಗಂಡ ಅವರ ಹಿಂದೆ ನಿಂತು ಬಗ್ಗಿ ನೋಡಿದರು. "ಚೆನ್ನಾಗೇ ಇದೆಯಲ್ಲಮ್ಮ" ಅಂದರು. ಸಿಟ್ಟು ಇಳಿದಿತ್ತು.

ನಾವು ತಲುಪುವಷ್ಟರಲ್ಲಿ ಹಾಲುಕ್ಕಿ, ಒಲೆ ಆರಿತ್ತು. ಅತ್ತೆಯ ಅಣ್ಣ ಬೇಜಾರು ಮಾಡಿಕೊಳ್ಳದೆ, ಕತೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಂಗಿಗಾಗಿ ಇನ್ನೊಂದು ಸಲ ಹಾಲುಕ್ಕಿಸೋಣ ಅಂತ ಹೊಸ ಅಡಿಗೆಮನೆಯಲ್ಲಿ ಒಲೆ ಹಚ್ಚಿಸಿದರು. ಅತ್ತೆಯೇ ಹಾಲು ಹೊಯ್ದರು.

ಊಟವಾದ ಮೇಲೆ ಎದುರುಮನೆಯ ಒಬ್ಬರು ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು. ಅತ್ತೆಯ ಜೊತೆ ಐದನೇ ಕ್ಲಾಸಿನವರೆಗೆ ಓದಿದವರಂತೆ. ಮಗಳ ಮನೆಯಿಂದ ಈಚೆಗೆ ಊರಿಗೆ ವಾಪಸು ಬಂದಿದ್ದರು. ಬಾಗಿಲಲ್ಲೇ ನಿಂತು ಅತ್ತೆಯನ್ನು ಆ ಹಳೆಯ ಹೆಸರಿಂದ ಕೂಗಿದರು. ಅತ್ತೆ ಕೈಯಲ್ಲಿದ್ದ ಎಲೆಅಡಿಕೆ ಹಾಗೇ ಕೆಳಗಿಟ್ಟು ಎದ್ದು ಹೋದರು. ಇಬ್ಬರೂ ಜಗಲಿಯಲ್ಲಿ ಕೂತು, ಕಲ್ಲಾಟ ಆಡುವಾಗ ಯಾರು ಮೋಸ ಮಾಡುತ್ತಿದ್ದರು ಅಂತ ಜಗಳಕ್ಕೇ ಇಳಿದರು.

ಸಂಜೆಗೆ ಹೊರಡಬೇಕಿತ್ತು. ಅತ್ತೆ ಏಳುವ ಲಕ್ಷಣ ಕಾಣಲಿಲ್ಲ. ನಾಳೆ ಸ್ಕೂಲಿಗೆ ರಜೆ ಹಾಕುತ್ತೇನೆ ಅಂತ ಗಂಡನಿಗೆ ಹೇಳಿ ನಾನು ಒಳಗೆ ಚಾಪೆ ಹಾಸಲು ಹೋದೆ.