ದೊಡ್ಡ ಡ್ರಮ್ಮಿನ ಜಾಗ

ನಮ್ಮ ಹೈಸ್ಕೂಲಿನ ಸಂಗೀತದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಡಮಡಮ ಮೇಡಂ. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಹುಟ್ಟಿದ್ದೇ ತಗಡಿನ ಡಬ್ಬ ಮಾಡುವವರ ಮನೆಯಲ್ಲಿ. ಅಪ್ಪ ಒಂದು ಡಬ್ಬ ಬಡಿಯುತ್ತಿದ್ದರೆ ಪಕ್ಕದಲ್ಲಿ ಕೂತು ಮಗಳು ಇನ್ನೊಂದನ್ನು ಬಡಿಯುತ್ತಿದ್ದಳಂತೆ. "ನಿಲ್ಸೇ ತಾಯಿ, ತಲೆ ಒಡೆದು ಹೋಗ್ತಿದೆ" ಎಂದು ಅಮ್ಮ ಕೂಗಿದಷ್ಟೂ ಬಡಿತ ಜೋರಾಗುತ್ತಿತ್ತಂತೆ. ಬೇಡ ಅಂದದ್ದನ್ನೇ ಮಾಡುವ ಗುಣ ಆಗಿನಿಂದಲೂ ಇದ್ದದ್ದು. "ಇವಳ ಹತ್ರ ಜಗಳ ಆಡೋಕೂ ತಾಳ ಗೊತ್ತಿರ್ಬೇಕು ಸಾರ್" ಎಂದು ಅವರ ಗಂಡ, ಬಸ್ ಕಂಡಕ್ಟರು, ಒಮ್ಮೆ ನನ್ನೆದುರೇ ಹೇಳಿದ್ದರು.

ನಾನು ಅದೇ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಅವರ ಮೇಜು ನನ್ನದಕ್ಕೆ ಅಂಟಿಕೊಂಡಿತ್ತು. ಅವರು ಬೆರಳಲ್ಲಿ ತಾಳ ಹಾಕಿದರೆ ನನ್ನ ಚಹಾ ಲೋಟ ನಡುಗುತ್ತಿತ್ತು.

ಶಾಲೆಯ ಗೇಟಿನ ಮೇಲೆ ಒಂದು ಬೋರ್ಡು: ಓದಿಗೆ, ಆಟಕ್ಕೆ, ಸಂಗೀತಕ್ಕೆ ಇಲ್ಲಿ ವಿಶೇಷ ತರಬೇತಿ ಕೊಡಲಾಗುವುದು. ಬೋರ್ಡಿನಲ್ಲಿ ಮೂರಕ್ಕೂ ಒಂದೇ ಗಾತ್ರದ ಅಕ್ಷರ. ಒಳಗೆ ಮಾತ್ರ ಓದು ಅತ್ತೆ, ಉಳಿದೆರಡು ಸೊಸೆಯರು. ಹೊಸ ಹೆಡ್‌ಮಾಸ್ಟರು ಬಂದ ಮೇಲಂತೂ ಅತ್ತೆಯದೇ ದರ್ಬಾರು. ಚೆನ್ನಾಗಿ ಓದುವ ಮಕ್ಕಳನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದು ತರಗತಿಯಿಂದ ಎತ್ತಿ ಸ್ಪೆಷಲ್ ಕ್ಲಾಸ್ ಮಾಡಿದರು. ಆ ಮಕ್ಕಳಿಗೆ ಆಟವಿಲ್ಲ, ಹಾಡಿಲ್ಲ. ಅರ್ಧ ಮೈದಾನ ಪೋಷಕರ ವಾಹನ ನಿಲ್ಲಿಸುವ ಜಾಗವಾಯಿತು. ಆಟದ ಮೇಷ್ಟ್ರು ಚೆಂಡುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೈಚೆಲ್ಲಿ ಕೂತರು. ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು.

ಆಮೇಲೆ ಸಂಗೀತದ ಸರದಿ. ಶಾಲೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಹೊಡೆಯುತ್ತಿದ್ದವಳು ಹತ್ತನೇ ತರಗತಿಯ ಒಬ್ಬ ಉದ್ದ ಹುಡುಗಿ. ಪಾಠದಲ್ಲಿ ಕೇಳಿದರೆ ಮಾತ್ರ ಬಾಯಿ ಬಿಡುವವಳು ಡ್ರಮ್ ಕೊರಳಿಗೆ ಹಾಕಿಕೊಂಡರೆ ಬೇರೆಯೇ ಆಗಿಬಿಡುತ್ತಿದ್ದಳು. ಅವಳ ದುರದೃಷ್ಟಕ್ಕೆ ತರಗತಿಗೆ ಮೊದಲನೆಯವಳೂ ಅವಳೇ.

ಹೆಡ್‌ಮಾಸ್ಟರು ಮೇಡಮ್ಮನ್ನು ಕರೆಸಿದಾಗ ಹಾಜರಿಗೆ ಸಹಿ ಹಾಕಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಆ ಹುಡುಗಿ ಇನ್ಮೇಲೆ ಬ್ಯಾಂಡಿಗೆ ಬರಲ್ಲ ಮೇಡಂ. ಡ್ರಮ್ಮು ಬೇರೆ ಯಾರಿಗಾದ್ರೂ ಕೊಡಿ."

"ಕೊಡಲ್ಲ ಸಾರ್."

"ಯಾಕ್ರೀ?"

"ಅದು ಅವಳ ಜಾಗ. ಬರ್ತಾಳೆ."

ಹೆಡ್‌ಮಾಸ್ಟರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. "ನೋಡಿ, ವಾರ್ಷಿಕೋತ್ಸವದಲ್ಲಿ ಬ್ಯಾಂಡು ಕೆಟ್ಟರೆ ಮುಂದಿನ ವರ್ಷ ಬ್ಯಾಂಡೂ ಇಲ್ಲ, ಸಂಗೀತದ ಕ್ಲಾಸೂ ಇಲ್ಲ. ಆಡಳಿತ ಮಂಡಳಿಗೆ ನಾನೇ ಹೇಳ್ತೀನಿ. ಇನ್ನೊಂದು ವಿಷಯ, ಸ್ಪೆಷಲ್ ಕ್ಲಾಸು ನಿಮ್ಮ ಪಕ್ಕದ ರೂಮಲ್ಲೇ ನಡೆಯೋದು. ಏನ್ ಮಾಡ್ತೀರೋ ಸದ್ದಿಲ್ದೆ ಮಾಡಿ."

"ಆಯ್ತು ಸಾರ್" ಎಂದರು ಮೇಡಂ. ಅಷ್ಟು ಬೇಗ ಅವರು ಒಪ್ಪಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಸ್ಟಾಫ್ ರೂಮಿಗೆ ಬಂದವರೇ ನಗತೊಡಗಿದರು. "ಸದ್ದಿಲ್ದೆ ಸಂಗೀತವಂತೆ! ಅವ್ರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ. ನೋಡ್ತಿರಿ ಮೇಷ್ಟ್ರೇ."

ಮರುದಿನದಿಂದ ಸಂಗೀತದ ಕೋಣೆ ಮೂಕವಾಯಿತು. ಆದರೆ ಅಭ್ಯಾಸ ನಿಲ್ಲಲಿಲ್ಲ. ಕೊಳಲಿನ ಮಕ್ಕಳು ಉಸಿರು ಬಿಡದೆ ಬರೀ ಬೆರಳು ಆಡಿಸಿದರು. ಚಿಕ್ಕ ಡ್ರಮ್ಮಿನವರ ಕೋಲು ಚರ್ಮಕ್ಕೆ ತಾಗುವ ಮೊದಲೇ ನಿಲ್ಲುತ್ತಿತ್ತು. ಮೊದಮೊದಲು ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಬರುಬರುತ್ತಾ ಕಣ್ಣು ಮೇಡಮ್ಮಿನ ಕೈ ಬಿಟ್ಟು ಕದಲದಾಯಿತು. ನಡುವೆ ಒಂದು ಸ್ಟೂಲಿನ ಮೇಲೆ ದೊಡ್ಡ ಡ್ರಮ್ಮು ಒಂಟಿಯಾಗಿ ಕೂತಿರುತ್ತಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಒಂದು ದಿನ ಹೆಡ್‌ಮಾಸ್ಟರು ಬಾಗಿಲಲ್ಲಿ ಇಣುಕಿದರು. "ಇದೇನ್ರೀ ಇದು?"

"ಸದ್ದಿಲ್ದೆ ಅಂದ್ರಲ್ಲ ಸಾರ್."

ಅವರು ಬಂದ ದಾರಿಯಲ್ಲೇ ಹೊರಟುಹೋದರು. ಹೇಳಿದ್ದನ್ನು ಕೇಳಿದವರ ಮೇಲೆ ರೇಗುವುದಾದರೂ ಹೇಗೆ?

ನನಗೆ ಮಾತ್ರ ಒಳಗೊಳಗೇ ಭಯ. "ಹಟ ಸಾಕು ಮೇಡಂ. ಆ ಡ್ರಮ್ಮು ಯಾರಿಗಾದ್ರೂ ಕೊಡಿ. ಕೆಲಸಕ್ಕೇ ಕುತ್ತು ಬರುತ್ತೆ" ಎಂದೆ.

"ಒಂದಿನ ಪಕ್ಕದ ರೂಮಲ್ಲಿ ಪಾಠ ಮಾಡಿ, ಆಮೇಲೆ ಹೇಳಿ" ಎಂದರು.

ಆ ವಾರವೇ ನನಗೆ ಸ್ಪೆಷಲ್ ಕ್ಲಾಸಿನ ಪಾಳಿ ಬಂತು. ಹಿಂದೆ ಆ ಎರಡು ಕೋಣೆಗಳೂ ಸೇರಿ ಒಂದೇ ಪ್ರಯೋಗಾಲಯವಾಗಿದ್ದವು, ನಡುವಿನ ಗೋಡೆಯಲ್ಲಿ ಈಗಲೂ ದೊಡ್ಡ ಗಾಜಿನ ಕಿಟಕಿ ಇತ್ತು. ಆ ಕಡೆ ಗದ್ದಲವಿದ್ದಿದ್ದರೆ ಅದಕ್ಕೆ ಎಂದೋ ರಟ್ಟು ಬಡಿಸಿಬಿಡುತ್ತಿದ್ದರು. ಸದ್ದೇ ಇಲ್ಲದ ಮೇಲೆ ಅದರ ಗೊಡವೆ ಯಾರಿಗೆ? ಕಿಟಕಿಯ ಪಕ್ಕದ ಬೆಂಚಿನಲ್ಲಿ ಆ ಉದ್ದ ಹುಡುಗಿ ಕೂತಿದ್ದಳು. ಬಲಗೈ ನೋಟ್ಸ್ ಬರೆಯುತ್ತಿತ್ತು. ಮೇಜಿನ ಕೆಳಗೆ ಎಡಗೈ ಮುಷ್ಟಿ ತೊಡೆಯ ಮೇಲೆ ಬೀಳುತ್ತಿತ್ತು: ಒಂದು, ಬಿಡು, ಒಂದು, ಒಂದು. ಆ ಕಡೆ ಮೇಡಮ್ಮಿನ ಕೈ ಇಳಿದಾಗಲೆಲ್ಲ ಈ ಕಡೆ ಮುಷ್ಟಿ ಇಳಿಯುತ್ತಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ. ಯಾರಿಗೂ ಕಾಣದಿರಲೆಂದು ಬೋರ್ಡಿನ ಕಡೆ ತಿರುಗಿ, ಮುಗಿದುಹೋದ ಯುದ್ಧವನ್ನೇ ಮತ್ತೊಮ್ಮೆ ನಡೆಸಿದೆ.

ಆದರೂ ತೊಡೆಯ ಮೇಲೆ ಹೊಡೆಯುವುದು ಬೇರೆ, ಊರ ಮುಂದೆ ಎದ್ದು ಬರುವುದು ಬೇರೆ. ಬಾ ಎಂದು ಮೇಡಂ ಅವಳಿಗೆ ಒಂದು ಸಲವೂ ಹೇಳಿ ಕಳಿಸಲಿಲ್ಲ. "ನಾನು ಕರೆದ್ರೆ ಅದು ನನ್ನ ಹಟ ಆಗುತ್ತೆ. ಅವಳೇ ಬಂದ್ರೆ ಅವಳದು" ಎಂದರು.

ವಾರ್ಷಿಕೋತ್ಸವದ ದಿನ ಸ್ಪೆಷಲ್ ಕ್ಲಾಸಿನ ಮಕ್ಕಳನ್ನು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ವೇದಿಕೆಯ ಮೇಲೆ ಸಾಲಾಗಿ ಕೂರಿಸಿದ್ದರು. ಕೆಳಗೆ ಮೈದಾನದಲ್ಲಿ ಬ್ಯಾಂಡು, ಬ್ಯಾಂಡಿನ ನಡುವೆ ಅದೇ ಸ್ಟೂಲು, ಅದರ ಮೇಲೆ ಅದೇ ಡ್ರಮ್ಮು. ಭಾಷಣಗಳು ಮುಗಿದ ಮೇಲೆ ಹೆಡ್‌ಮಾಸ್ಟರು ಮೆಟ್ಟಿಲಿಳಿದು ಬಂದು, "ಡ್ರಮ್ ಹೊಡೆಯೋರೇ ಇಲ್ವಲ್ರೀ! ಮರ್ಯಾದೆ ತೆಗೀಬೇಡಿ. ಈ ಮಕ್ಕಳನ್ನ ಕಳಿಸಿ, ರೆಕಾರ್ಡ್ ಹಾಕಿಸ್ತೀನಿ" ಎಂದು ಹಲ್ಲು ಕಡಿದರು.

ಮೇಡಂ ಬ್ಯಾಂಡಿನ ಕಡೆ ತಿರುಗಿದರು. ಕೈ ಮೇಲೆತ್ತಿದರು. ಮಕ್ಕಳೆಲ್ಲ ಕೊಳಲು, ಕೋಲು ಎತ್ತಿ ಹಿಡಿದರು. ಎತ್ತಿದ ಕೈಯನ್ನು ಮೇಡಂ ಇಳಿಸಲೇ ಇಲ್ಲ. ಸಭೆಯ ಗುಸುಗುಸು ನಿಂತಿತು. ಐವತ್ತು ದಾಟಿದ ತೋಳು, ನಡುಗತೊಡಗಿತು. ಇಳಿಸಿಬಿಡಿ ಮೇಡಂ ಎಂದು ನನ್ನ ಜೀವ ಕೂಗುತ್ತಿತ್ತು.

ವೇದಿಕೆಯ ಮೇಲೆ ಒಂದು ಕುರ್ಚಿ ಸರಿಯಿತು.

"ಏ, ಎಲ್ಲಿಗೆ? ಕೂತ್ಕೋ!" ಎಂದರು ಹೆಡ್‌ಮಾಸ್ಟರು.

"ನನ್ನ ಜಾಗಕ್ಕೆ ಸಾರ್" ಎಂದಳು ಹುಡುಗಿ. ಮೆಟ್ಟಿಲಿಳಿದು, ಅವರನ್ನು ದಾಟಿ ಬಂದು, ಡ್ರಮ್ಮಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು.

ಆಗ ಮೇಡಮ್ಮಿನ ಕೈ ಇಳಿಯಿತು. ಅಷ್ಟು ತಿಂಗಳು ನುಂಗಿಕೊಂಡಿದ್ದ ಸದ್ದೆಲ್ಲ ಒಂದೇ ಏಟಿಗೆ ಹೊರಬಿತ್ತು. ಎಲ್ಲೂ ಒಂದು ಪೆಟ್ಟು ಹಿಂದಾಗಲಿಲ್ಲ, ಮುಂದಾಗಲಿಲ್ಲ. ಆಟದ ಮೇಷ್ಟ್ರು ಎದ್ದು ನಿಂತು ಸಿಳ್ಳೆ ಹೊಡೆದರು. ನಾನು ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರು ಬಂದು ಹೆಡ್‌ಮಾಸ್ಟರ ಕೈ ಕುಲುಕಿ, ಇಂಥ ಬ್ಯಾಂಡು ಪ್ರತಿ ವರ್ಷವೂ ಇರಬೇಕು ಎಂದು ಹೇಳಿ ಹೋದರು. ಹೆಡ್‌ಮಾಸ್ಟರು ಮೇಡಮ್ಮಿನ ಕಡೆ ತಿರುಗಿದರು. "ಆ ಹುಡುಗಿ ಒಂದು ದಿನಾನೂ ಸ್ಪೆಷಲ್ ಕ್ಲಾಸ್ ತಪ್ಪಿಸಿಲ್ಲ. ಇದನ್ನೆಲ್ಲ ಯಾವಾಗ ಕಲಿಸಿದ್ರಿ?"

"ನಿಮ್ಮ ಸ್ಪೆಷಲ್ ಕ್ಲಾಸಲ್ಲೇ ಸಾರ್" ಎಂದರು ಮೇಡಂ, ನೋಯುತ್ತಿದ್ದ ತೋಳನ್ನು ನೀವಿಕೊಳ್ಳುತ್ತಾ. "ಸದ್ದಿಲ್ದೆ."